ಮೂರು ಸಲ ಬರೆದರೂ ದಾಟದ ಇಂಗ್ಲಿಷ್ ಪರೀಕ್ಷೆ: ಐಇಎಲ್‌ಟಿಎಸ್ ಬಿಟ್ಟು ಒಇಟಿಗೆ ಹೋಗಬೇಕೇ?

ಮಂಡ್ಯದ ಸ್ಟಾಫ್ ನರ್ಸ್ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ತಾಲ್ಲೂಕಿನವಳು. ಹತ್ತನೆಯ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಬಿ.ಎಸ್‌ಸಿ. ನರ್ಸಿಂಗ್ ಅನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದೆ. ಏಳು ವರ್ಷಗಳಿಂದ ಮೈಸೂರಿನ ಖಾಸಗಿ ಆಸ್ಪತ್ರೆಯೊಂದರ ಸರ್ಜಿಕಲ್ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಬ್ರಿಟನ್ನಿಗೆ ಹೋಗಬೇಕೆಂಬುದು ಯಜಮಾನರೂ ನಾನೂ ಕೂಡಿ ಮಾಡಿದ ತೀರ್ಮಾನ. ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಅಂದರೆ ಎನ್‌ಎಂಸಿ, ಐಇಎಲ್‌ಟಿಎಸ್ ಅಕಾಡೆಮಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಆಲಿಸುವಿಕೆ, ಓದು ಮತ್ತು ಮಾತಿಗೆ ತಲಾ 7, ಬರವಣಿಗೆಗೆ 6.5 ಕೇಳುತ್ತದೆ.

ನಾನು ಮೂರು ಸಲ ಬರೆದಿದ್ದೇನೆ. ಕಳೆದ ವರ್ಷದ ಮಾರ್ಚ್‌ನಲ್ಲಿ ಬರೆದಾಗ ಬರವಣಿಗೆಯಲ್ಲಿ 5.5 ಬಂತು. ನವೆಂಬರಿನಲ್ಲಿ ಬರವಣಿಗೆಯಲ್ಲಿ 6.5 ಬಂದಿತಾದರೂ ಓದಿನಲ್ಲಿ 6.5ಕ್ಕೆ ನಿಂತೆ. ಈ ಜೂನ್‌ನಲ್ಲಿ ಓದಿನಲ್ಲಿ 7 ಬಂದರೆ ಬರವಣಿಗೆ ಮತ್ತೆ 6ಕ್ಕೆ ಇಳಿಯಿತು. ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ. ಫಲಿತಾಂಶ ಬಂದ ರಾತ್ರಿ ನೈಟ್ ಡ್ಯೂಟಿಯಲ್ಲಿದ್ದೆ. ಮೊಬೈಲಿನಲ್ಲಿ ನೋಡಿ, ಅದನ್ನು ಟ್ರಾಲಿಯ ಕೆಳಗಿನ ತಟ್ಟೆಯಲ್ಲಿ ಮುಖ ಕೆಳಗೆ ಮಾಡಿ ಇಟ್ಟು, ಎಂಟನೇ ಬೆಡ್ಡಿನ ರೋಗಿಯ ಡ್ರೈನ್ ಕೊಳವೆಯಲ್ಲಿ ಬಂದದ್ದನ್ನು ಅಳೆದು ಬರೆದುಕೊಂಡೆ. ಆ ಅಂಕಿಯನ್ನು ಸರಿಯಾಗಿ ಬರೆದೆನೇ ಎಂದು ಮೂರು ಸಲ ನೋಡಿದೆ.

ಕೋಚಿಂಗ್ ಸರ್ ಒಇಟಿಗೆ, ಅಂದರೆ ಆರೋಗ್ಯ ವೃತ್ತಿಯವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆಗೆ ಬದಲಾಯಿಸಿಕೊಳ್ಳಿ, ನರ್ಸ್‌ಗಳಿಗೆ ಅದು ಸುಲಭ ಎನ್ನುತ್ತಾರೆ. ಏಜೆಂಟರೊಬ್ಬರು ಒಂದೂವರೆ ಲಕ್ಷ ಕೊಟ್ಟರೆ ಪರೀಕ್ಷೆಯೇ ಬೇಡದ ದಾರಿ ಇದೆ ಎನ್ನುತ್ತಾರೆ. ಬಳೆ ಅಡ ಇಟ್ಟು ಮೂರನೆಯ ಸಲದ ಶುಲ್ಕ ಕಟ್ಟಿದ್ದೆವು, ಇನ್ನೂ ಬಿಡಿಸಿಲ್ಲ. ಅನುಭವ ಇರುವವರು ದಯವಿಟ್ಟು ದಾರಿ ತೋರಿಸಿ.

ಕೆ.ಆರ್. ಪೇಟೆಯ ತಂದೆ

ತಾಯಿ, ನಿಮ್ಮ ಬರಹ ಓದಿ ನನ್ನ ಮಗಳದೇ ಕಥೆ ಎನಿಸಿತು. ನನಗೆ ಅರ್ಥವಾಗದ ಸಂಗತಿ ಒಂದೇ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ನರ್ಸಿಂಗ್ ಪದವಿಯ ಪಠ್ಯ ಇಂಗ್ಲಿಷಿನಲ್ಲಿದೆ, ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿದೆ, ಉತ್ತರವನ್ನೂ ಇಂಗ್ಲಿಷಿನಲ್ಲೇ ಬರೆಯಬೇಕು. ನಾಲ್ಕು ವರ್ಷ ಇಂಗ್ಲಿಷಿನಲ್ಲಿ ಬರೆದು ತೇರ್ಗಡೆಯಾದ ಮಕ್ಕಳನ್ನು ಪುನಃ ಒಂದು ಬೆಳಗಿನ ಪರೀಕ್ಷೆಯಲ್ಲಿ ಕೂರಿಸಿ ನಿಮಗೆ ಇಂಗ್ಲಿಷ್ ಬರುವುದಿಲ್ಲ ಎಂದು ಹೇಳುವುದು ಯಾವ ನ್ಯಾಯ? ಇದು ಹಣ ಕೀಳುವ ವ್ಯವಸ್ಥೆ ಎಂದೇ ನನ್ನ ಅಭಿಪ್ರಾಯ.

ಲೀಡ್ಸ್‌ನಲ್ಲಿರುವ ಮೈಸೂರಿನವಳು

ಅಣ್ಣಾ, ನಿಮ್ಮ ಸಂಕಟ ತಿಳಿಯುತ್ತದೆ, ಆದರೆ ನಾನು ಒಪ್ಪುವುದಿಲ್ಲ. ನಾವು ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆದೆವು, ವಾರ್ಡನ್ನು ಕನ್ನಡದಲ್ಲಿ ನಡೆಸಿದೆವು. ಕೇಸ್ ಶೀಟ್ ಇಂಗ್ಲಿಷಿನಲ್ಲಿರುತ್ತದೆ ನಿಜ, ಅದರಲ್ಲಿ ಪೂರ್ಣ ವಾಕ್ಯ ಎಷ್ಟಿರುತ್ತದೆ ಎಂಬುದನ್ನು ನಿಮ್ಮ ಮಗಳನ್ನೇ ಕೇಳಿ. ಪಾಳಿ ಬದಲಾಗುವಾಗಿನ ಹ್ಯಾಂಡೋವರ್ ಕನ್ನಡದಲ್ಲಿ ಆಗುತ್ತದೆ, ಮಲಯಾಳಿ ಸಹೋದ್ಯೋಗಿಗಳಿದ್ದರೆ ಮೂರು ಭಾಷೆ ಬೆರೆತು ಆಗುತ್ತದೆ. ಇಂಗ್ಲಿಷನ್ನೇ ಹೆಚ್ಚಿನ ಜನ ಮಾತನಾಡುವ ದೇಶಗಳ ಪಟ್ಟಿಯಲ್ಲಿ ಎನ್‌ಎಂಸಿ ಭಾರತವನ್ನು ಸೇರಿಸಿಲ್ಲದಿರುವುದು ಈ ಕಾರಣಕ್ಕೇ.

ನನ್ನ ಅನುಭವವನ್ನು ಹೇಳಿಬಿಡುತ್ತೇನೆ. ಇಲ್ಲಿಗೆ ಬಂದ ಎರಡನೆಯ ವಾರ, ಎಂಬತ್ತು ದಾಟಿದ ಅಜ್ಜನೊಬ್ಬ ಬೆಳಗಿನ ಔಷಧ ಕೊಡುವಾಗ ತನ್ನ ವಾಟರ್‌ವರ್ಕ್ಸ್ ಸರಿಯಿಲ್ಲ ಎಂದ. ಮೈಸೂರಿನಲ್ಲಿ ಬೆಳೆದವಳಿಗೆ ವಾಟರ್ ವರ್ಕ್ಸ್ ಎಂದರೆ ವಾಣಿವಿಲಾಸದ ನೀರು ಸರಬರಾಜು, ಬೇರೆ ಅರ್ಥವೇ ಹೊಳೆಯಲಿಲ್ಲ. ಕೋಣೆಯ ನಲ್ಲಿ ತಿರುಗಿಸಿ ನೋಡಿದೆ, ನೀರು ಬರುತ್ತಿತ್ತು, ಸರಿಯಾಗಿದೆ ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದೆ. ಆತ ಹೇಳುತ್ತಿದ್ದುದು ಮೂತ್ರ ಕಟ್ಟಿದೆ ಎಂದು. ಮಧ್ಯಾಹ್ನ ಹಿರಿಯ ನರ್ಸ್ ಹೊಟ್ಟೆ ಮುಟ್ಟಿ, ಬ್ಲಾಡರ್ ಸ್ಕ್ಯಾನ್ ಮಾಡಿ, ಕ್ಯಾಥೆಟರ್ ಹಾಕುವವರೆಗೆ ಆ ಅಜ್ಜ ನೋವನ್ನು ನುಂಗಿಕೊಂಡು ಮಲಗಿದ್ದ. ನಾನು ಐಇಎಲ್‌ಟಿಎಸ್‌ನ ಆಲಿಸುವಿಕೆಯಲ್ಲಿ 8 ತೆಗೆದವಳು. ಅಷ್ಟು ಬಂದವಳಿಗೇ ಹೀಗಾಗುವುದಾದರೆ, ಪರೀಕ್ಷೆಯೇ ಬೇಡ ಎಂದು ನಾನು ಹೇಗೆ ಹೇಳಲಿ?

ಕೆ.ಆರ್. ಪೇಟೆಯ ತಂದೆ

ಹಾಗಾದರೆ ಪರೀಕ್ಷೆ ಅದನ್ನು ಕಲಿಸಲಿಲ್ಲ ಎಂದಾಯಿತಲ್ಲ, ತಾಯಿ. ಗ್ರಾಫ್ ನೋಡಿ 150 ಪದ ಬರೆಯುವುದಕ್ಕೂ ಆ ಅಜ್ಜನ ಮೂತ್ರಕ್ಕೂ ಏನು ಸಂಬಂಧ?

ಲೀಡ್ಸ್‌ನಲ್ಲಿರುವ ಮೈಸೂರಿನವಳು

ಆ ಮಾತು ಸರಿ. ಅಷ್ಟನ್ನು ಒಪ್ಪುತ್ತೇನೆ.

ಕುವೆಂಪುನಗರದ ಬೋಧಕ

ಹನ್ನೊಂದು ವರ್ಷಗಳಿಂದ ನರ್ಸ್‌ಗಳಿಗೆ ಎರಡೂ ಪರೀಕ್ಷೆಗಳ ಪಾಠ ಹೇಳುತ್ತಿರುವುದರಿಂದ ಒಇಟಿ ಸುಲಭ ಎಂಬ ಮಾತಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕೆ.ಆರ್. ಪೇಟೆಯ ಯಜಮಾನರು ಕೇಳಿದ ಪ್ರಶ್ನೆಯಿಂದಲೇ ಆ ಪರೀಕ್ಷೆ ಹುಟ್ಟಿತೆನ್ನಬಹುದು. ವೈದ್ಯಕೀಯ ವೃತ್ತಿಯವರನ್ನು ಅವರ ಕೆಲಸದ ಇಂಗ್ಲಿಷಿನಲ್ಲೇ ಪರೀಕ್ಷಿಸಬೇಕೆಂದು 1980ರ ದಶಕದ ಕೊನೆಯ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ಇದನ್ನು ರೂಪಿಸಿದರು, ಅದರ ಹಿಂದೆ ಇದ್ದವರು ಭಾಷಾವಿಜ್ಞಾನಿ ಟಿಮ್ ಮೆಕ್‌ನಮಾರಾ. ಎನ್‌ಎಂಸಿ ಇದನ್ನು ಒಪ್ಪಿದ್ದು 2017ರ ನವೆಂಬರಿನಲ್ಲಿ. ಆಲಿಸುವಿಕೆ, ಓದು, ಮಾತಿಗೆ ಬಿ ದರ್ಜೆ, ಅಂದರೆ 500ಕ್ಕೆ 350, ಬರವಣಿಗೆಗೆ ಸಿ ಪ್ಲಸ್, ಅಂದರೆ 300 ಬೇಕು. ಬರವಣಿಗೆಯಲ್ಲಿ ಪ್ರಬಂಧವಿಲ್ಲ, ರೋಗಿಯ ಟಿಪ್ಪಣಿ ಕೊಟ್ಟು ಪತ್ರ ಬರೆಸುತ್ತಾರೆ. ಐದು ನಿಮಿಷ ಓದುವುದಕ್ಕೆ, ನಲವತ್ತು ನಿಮಿಷ ಬರೆಯುವುದಕ್ಕೆ, ಪತ್ರದ ಒಡಲು 180ರಿಂದ 200 ಪದ. ಮಾತಿನ ಭಾಗದಲ್ಲಿ ಎರಡು ಪಾತ್ರಾಭಿನಯ, ನೀವು ನರ್ಸ್, ಎದುರಿಗಿರುವವರು ರೋಗಿ ಅಥವಾ ರೋಗಿಯ ಕಡೆಯವರು.

ಇಷ್ಟು ಕೇಳಿದರೆ ಸುಲಭ ಎನಿಸುತ್ತದೆ. ಕಷ್ಟ ಎಲ್ಲಿದೆ ಎಂಬುದನ್ನು ಒಂದು ಪತ್ರದಿಂದಲೇ ತೋರಿಸುತ್ತೇನೆ. ಕಳೆದ ತಿಂಗಳು ವಿದ್ಯಾರ್ಥಿನಿಯೊಬ್ಬರು ಡಯಟಿಷಿಯನ್‌ಗೆ ಪತ್ರ ಬರೆಯಬೇಕಿತ್ತು. ಟಿಪ್ಪಣಿಯಲ್ಲಿ ರೋಗಿಗೆ ಇಪ್ಪತ್ತು ವರ್ಷದ ಹಿಂದೆ ಅಪೆಂಡಿಕ್ಸ್ ತೆಗೆದದ್ದೂ ಇತ್ತು, ಮೂರು ತಿಂಗಳಲ್ಲಿ ಆರು ಕಿಲೋ ತೂಕ ಇಳಿದದ್ದೂ ಇತ್ತು, ಹೆಂಡತಿ ತೀರಿಕೊಂಡ ಮೇಲೆ ಅಡುಗೆ ಮಾಡಿಕೊಳ್ಳದೆ ಬ್ರೆಡ್ಡು ಚಹಾದಲ್ಲಿ ದಿನ ಕಳೆಯುತ್ತಿರುವುದೂ ಇತ್ತು. ಇವರು ಅಪೆಂಡಿಕ್ಸ್‌ನಿಂದ ಆರಂಭಿಸಿ ಎಲ್ಲವನ್ನೂ ಸಾಲಾಗಿ ಬರೆದರು. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೆ ಪತ್ರ ಓದುವ ಡಯಟಿಷಿಯನ್‌ಗೆ ತೂಕದ ವಿಷಯ ಸಿಗುವುದು ನಾಲ್ಕನೆಯ ಪ್ಯಾರಾದಲ್ಲಿ, ಹೆಂಡತಿ ತೀರಿಕೊಂಡ ವಿಷಯ ಸಿಗಲೇ ಇಲ್ಲ, ಪದಮಿತಿ ಮುಗಿದಿತ್ತು. ಪತ್ರದ ಉದ್ದೇಶ ಮೊದಲಲ್ಲೇ ಸ್ಪಷ್ಟವಾಗಿದೆಯೇ, ಓದುವವರಿಗೆ ಬೇಕಾದದ್ದು ಇದೆಯೇ, ಬೇಡದ್ದನ್ನು ಬಿಟ್ಟಿದ್ದಾರೆಯೇ ಎಂಬುದಕ್ಕೆ ಅಲ್ಲಿ ಬೇರೆ ಬೇರೆಯಾಗಿ ಅಂಕ ಕೊಡುತ್ತಾರೆ. ಯಾವುದನ್ನು ಬಿಡಬೇಕೆಂಬ ವಿವೇಚನೆಯನ್ನು ನಮ್ಮ ಕಾಲೇಜುಗಳಲ್ಲಿ ಯಾರೂ ಹೇಳಿಕೊಟ್ಟಿರುವುದಿಲ್ಲ, ಏಕೆಂದರೆ ನಮ್ಮ ಉತ್ತರಪತ್ರಿಕೆಯಲ್ಲಿ ಹೆಚ್ಚು ಪುಟ ತುಂಬಿಸಿದವರಿಗೆ ಹೆಚ್ಚು ಅಂಕ ಎಂಬ ನಂಬಿಕೆ ಬೇರೂರಿದೆ.

ನಾಗಮಂಗಲದ ಜಿಎನ್‌ಎಂ

ನಾನು ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಮಾಡಿದ್ದೇನೆ. ಶುಲ್ಕದ ಬಗ್ಗೆ ಯಾರೂ ಹೇಳಲಿಲ್ಲ. ನಾನು ಒಇಟಿಗೆ ಕಟ್ಟಿದಾಗ 587 ಆಸ್ಟ್ರೇಲಿಯನ್ ಡಾಲರ್ ಇತ್ತು, ನಮ್ಮ ಹಣದಲ್ಲಿ ಮೂವತ್ತು ಸಾವಿರದ ಮೇಲೆ. ಅದು ನನ್ನ ಒಂದೂವರೆ ತಿಂಗಳ ಸಂಬಳ. ಐಇಎಲ್‌ಟಿಎಸ್ ಅದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಬದಲಾಯಿಸಿಕೊಳ್ಳಿ ಎಂದು ಹೇಳುವವರು ಇದನ್ನೂ ಸೇರಿಸಿ ಹೇಳಬೇಕು.

ಸರಸ್ವತಿಪುರಂನ ನಿವೃತ್ತ ಮೇಲ್ವಿಚಾರಕಿ

ನಾನು ಮೂವತ್ತನಾಲ್ಕು ವರ್ಷ ಸರ್ಕಾರಿ ಸೇವೆಯಲ್ಲಿದ್ದು ನರ್ಸಿಂಗ್ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು. ಈಗ ಭಾನುವಾರಗಳಂದು ಮನೆಯಲ್ಲಿ ನಾಲ್ಕೈದು ಹುಡುಗಿಯರಿಗೆ ಪಾತ್ರಾಭಿನಯದ ಅಭ್ಯಾಸ ಮಾಡಿಸುತ್ತೇನೆ, ಹಣ ತೆಗೆದುಕೊಳ್ಳುವುದಿಲ್ಲ. ಬೋಧಕರು ಬರವಣಿಗೆಯ ಬಗ್ಗೆ ಹೇಳಿದರು, ನಾನು ಮಾತಿನ ಬಗ್ಗೆ ಹೇಳುತ್ತೇನೆ.

ಹೋದ ವಾರ ಒಬ್ಬಳು ಬಂದಿದ್ದಳು, ಕೋಚಿಂಗ್‌ನಲ್ಲಿ ಕೊಟ್ಟ ಐವತ್ತು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡಿದ್ದಳು. ನಾನು ಸಕ್ಕರೆ ಕಾಯಿಲೆಯ ರೋಗಿ, ಕಾಲಿನ ಹುಣ್ಣಿಗೆ ಡ್ರೆಸ್ಸಿಂಗ್ ಬೇಡ ಎನ್ನುತ್ತೇನೆ, ನೀನು ಒಪ್ಪಿಸಬೇಕು ಎಂದು ಹೇಳಿದೆ. ನಾನು ಬಾಯಿ ಬಿಡುವ ಮೊದಲೇ ಅವಳು ಐ ಅಂಡರ್‌ಸ್ಟ್ಯಾಂಡ್ ಯುವರ್ ಕನ್ಸರ್ನ್ ಎಂದಳು. ಯಾವ ಕನ್ಸರ್ನ್? ನಾನಿನ್ನೂ ಹೇಳಿಯೇ ಇರಲಿಲ್ಲ. ನಿಲ್ಲಿಸಿದೆ. ನಿನ್ನ ವಾರ್ಡಿನಲ್ಲಿ ಇಂಥ ರೋಗಿ ಬಂದಿದ್ದರೇ ಎಂದು ಕೇಳಿದೆ. ಬಂದಿದ್ದರಂತೆ, ಶ್ರೀರಂಗಪಟ್ಟಣದ ಕಡೆಯ ಒಬ್ಬ ಅಜ್ಜಿ. ಏನು ಮಾಡಿದೆ ಎಂದೆ. ಅಜ್ಜಿಯ ಮಂಚದ ಅಂಚಿಗೆ ಸ್ಟೂಲು ಎಳೆದುಕೊಂಡು ಕೂತು, "ಯಾಕವ್ವ, ಡ್ರೆಸ್ಸಿಂಗ್ ಅಂದ್ರೆ ಅಷ್ಟು ಭಯ?" ಎಂದು ಕೇಳಿದಳಂತೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಿಂಗೇ ಬಿಚ್ಚಿ ಬಿಚ್ಚಿ ಕಟ್ಟಿ ನಮ್ಮೆಜಮಾನ್ರ ಕಾಲು ತೆಗೆದ್ರು ಕಣವ್ವ" ಎಂದಳಂತೆ. ಆಗ ಇವಳಿಗೆ ಅಜ್ಜಿಯ ಹೆದರಿಕೆ ಏನೆಂದು ತಿಳಿಯಿತು, ಕಾಲು ಉಳಿಸುವುದಕ್ಕೇ ಡ್ರೆಸ್ಸಿಂಗ್ ಮಾಡುವುದು ಎಂಬುದನ್ನು ನಿಧಾನವಾಗಿ ಹೇಳಿದಳು, ಅಜ್ಜಿ ಕಾಲು ಮುಂದೆ ಚಾಚಿದಳು.

ಮಗಳೇ, ಪರೀಕ್ಷೆ ಕೇಳುವುದು ಇದನ್ನೇ ಎಂದೆ. ರೋಗಿಯ ದೃಷ್ಟಿಯನ್ನು ಅರ್ಥ ಮಾಡಿಕೊಂಡೆಯಾ, ಸಂಬಂಧ ಬೆಳೆಸಿದೆಯಾ, ಮಾಹಿತಿಯನ್ನು ಕೇಳಿ ಪಡೆದೆಯಾ, ತಿಳಿಯುವಂತೆ ಹೇಳಿದೆಯಾ ಎಂಬುದಕ್ಕೆ ಅವರ ಅಂಕಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನವಿದೆ. ಅವಳು ಅದೇ ಪ್ರಸಂಗವನ್ನು ತಡವರಿಸುತ್ತ ಇಂಗ್ಲಿಷಿನಲ್ಲಿ ಮಾಡಿದಳು. ವಾಕ್ಯಗಳು ಚಿಕ್ಕವಾಗಿದ್ದವು, ಎರಡು ಕಡೆ ಕ್ರಿಯಾಪದದ ಕಾಲ ತಪ್ಪಿತು, ಆದರೆ ನಾನು ರೋಗಿಯಾಗಿ ಕಾಲು ಚಾಚುತ್ತಿದ್ದೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿಯರು ತಮಗೆ ಏನೂ ಬರುವುದಿಲ್ಲ ಎಂದುಕೊಂಡು ಬರುತ್ತಾರೆ. ಅರ್ಧದಷ್ಟು ಅವರಿಗೆ ಬಂದೇ ಇರುತ್ತದೆ, ಅದು ಕನ್ನಡದಲ್ಲಿ ಇರುತ್ತದೆ ಅಷ್ಟೆ.

ಕುವೆಂಪುನಗರದ ಬೋಧಕ

ಮೇಡಂ, ನೀವು ಹೇಳಿದ್ದನ್ನು ಗೌರವದಿಂದ ಒಪ್ಪುತ್ತೇನೆ, ಆದರೆ ಒಂದು ತಿದ್ದುಪಡಿ. ವ್ಯಾಕರಣ ತಪ್ಪಿದರೂ ನಡೆಯುತ್ತದೆ ಎಂಬ ಅರ್ಥ ಹೊಮ್ಮಬಾರದು. ಉಚ್ಚಾರದ ಸ್ಪಷ್ಟತೆ, ನಿರರ್ಗಳತೆ, ಸಂದರ್ಭಕ್ಕೆ ತಕ್ಕ ಭಾಷೆ, ವ್ಯಾಕರಣ ಈ ನಾಲ್ಕಕ್ಕೂ ಅಂಕವಿದೆ, ಮತ್ತು ಎದುರಿಗೆ ಕೂತು ರೋಗಿಯ ಪಾತ್ರ ಮಾಡುವವರು ಅಂಕ ಕೊಡುವುದಿಲ್ಲ. ಮಾತನ್ನು ಧ್ವನಿಮುದ್ರಿಸಿ ಬೇರೆ ಪರೀಕ್ಷಕರಿಗೆ ಕಳುಹಿಸುತ್ತಾರೆ. ಅವರಿಗೆ ನಿಮ್ಮ ಮುಖ ಕಾಣುವುದಿಲ್ಲ, ನಗು ಕಾಣುವುದಿಲ್ಲ, ಸ್ಟೂಲು ಎಳೆದುಕೊಂಡದ್ದೂ ಕಾಣುವುದಿಲ್ಲ. ಎಲ್ಲವೂ ಧ್ವನಿಯಲ್ಲೇ ಬರಬೇಕು.

ನಮ್ಮವರು ಎಡವುವುದು ನಾವು ದಿನವೂ ಆಡುವ ಇಂಗ್ಲಿಷಿನಲ್ಲಿಯೇ. ಮೋಷನ್ ಪಾಸಾಯಿತೇ ಎಂಬುದು ನಮ್ಮ ವಾರ್ಡಿನ ಇಂಗ್ಲಿಷ್, ಅಲ್ಲಿ ಹ್ಯಾವ್ ಯು ಓಪನ್ಡ್ ಯುವರ್ ಬವೆಲ್ಸ್ ಎನ್ನುತ್ತಾರೆ. ಲೂಸ್ ಮೋಷನ್, ವಾಮಿಟಿಂಗ್ ಸೆನ್ಸೇಷನ್, ಈಸ್ ಇಟ್ ಪೇನಿಂಗ್, ಇವೆಲ್ಲ ನಮ್ಮಲ್ಲಿ ಚಲಾವಣೆಯ ನಾಣ್ಯಗಳು, ಅಲ್ಲಿ ನಡೆಯುವುದಿಲ್ಲ. ವಿ ಮತ್ತು ಡಬ್ಲ್ಯೂ ಎರಡಕ್ಕೂ ನಮಗಿರುವುದು ಒಂದೇ ವಕಾರ. ಆಲಿಸುವಿಕೆಯಲ್ಲಿ ಧ್ವನಿಯನ್ನು ಒಂದೇ ಸಲ ಕೇಳಿಸುತ್ತಾರೆ, ಅಲ್ಲಿ ಫಿಫ್ಟೀನ್ ಮತ್ತು ಫಿಫ್ಟಿ ಬೆರೆತುಹೋದರೆ ಪರೀಕ್ಷೆಯಲ್ಲಿ ಒಂದು ಅಂಕ ಹೋಗುತ್ತದೆ, ವಾರ್ಡಿನಲ್ಲಾದರೆ 15 ಮಿಲಿಗ್ರಾಂ ಹೋಗಬೇಕಾದ ಕಡೆ 50 ಹೋಗುತ್ತದೆ.

ಪಾಂಡವಪುರದ ಅಣ್ಣ

ಇಷ್ಟೆಲ್ಲ ತಾಪತ್ರಯ ಏಕೆ? ದುಬೈಗೆ ಹೋಗಲಿ, ಅಲ್ಲಿ ಇಂಗ್ಲಿಷ್ ಪರೀಕ್ಷೆ ಕೇಳುವುದಿಲ್ಲ. ಇಲ್ಲವಾದರೆ ಜರ್ಮನಿ.

ನಾಗಮಂಗಲದ ಜಿಎನ್‌ಎಂ

ಅಣ್ಣಾ, ದುಬೈಗೆ ಪ್ರೊಮೆಟ್ರಿಕ್ ಎಂಬ ನರ್ಸಿಂಗ್ ವಿಷಯದ ಪರೀಕ್ಷೆ ಇದೆ, ದಾಖಲೆಗಳಿಗೆ ಡೇಟಾಫ್ಲೋ ಎಂಬ ಸಂಸ್ಥೆಯ ಪರಿಶೀಲನೆ ಇದೆ. ಜರ್ಮನಿಗೆ ನರ್ಸ್ ಆಗಿ ಮಾನ್ಯತೆ ಸಿಗಲು ಸಾಮಾನ್ಯವಾಗಿ ಜರ್ಮನ್ ಭಾಷೆಯ ಬಿ2 ಹಂತ ಬೇಕು, ಎ1ರಿಂದ ಶುರುಮಾಡಿದರೆ ಅದು ನಾಲ್ಕನೆಯ ಮೆಟ್ಟಿಲು. ಇಂಗ್ಲಿಷ್ ಗೊತ್ತಿದ್ದವರೂ ಅಲ್ಲಿ ಅಕ್ಷರಾಭ್ಯಾಸದಿಂದ ಆರಂಭಿಸಬೇಕು. ನಮ್ಮ ಬ್ಯಾಚಿನವಳೊಬ್ಬಳು ಬೆಂಗಳೂರಿನಲ್ಲಿ ಕೊಠಡಿ ಹಿಡಿದು ಒಂದು ವರ್ಷದಿಂದ ಅದನ್ನೇ ಕಲಿಯುತ್ತಿದ್ದಾಳೆ.

ಕಾರ್ಕ್‌ನಲ್ಲಿರುವ ಮಳವಳ್ಳಿಯವಳು

ಐರ್ಲೆಂಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಇಲ್ಲಿ ಐಇಎಲ್‌ಟಿಎಸ್‌ನಲ್ಲಿ ಒಟ್ಟಾರೆ, ಅಂದರೆ ಸರಾಸರಿ, 7 ಬೇಕು, ನಾಲ್ಕು ವಿಭಾಗಗಳಲ್ಲಿ ಯಾವುದಾದರೂ ಒಂದರಲ್ಲಿ 6.5 ಇದ್ದರೆ ನಡೆಯುತ್ತದೆ, ಉಳಿದ ಮೂರರಲ್ಲಿ 7 ಇರಲೇಬೇಕು. ಬ್ರಿಟನ್ನಿನಲ್ಲಿ ಆ ರಿಯಾಯಿತಿ ಬರವಣಿಗೆಗೆ ಮಾತ್ರ. ಆಸ್ಟ್ರೇಲಿಯಾ ಕೂಡ 2025ರ ಮಾರ್ಚ್ 18ರಿಂದ ಬರವಣಿಗೆಗೆ 6.5 ಸಾಕು ಎಂದು ಸಡಿಲಿಸಿದೆ. ಒಂದೇ ಅಂಕಪಟ್ಟಿ ಒಂದು ದೇಶಕ್ಕೆ ಸಾಲದಿದ್ದರೆ ಇನ್ನೊಂದಕ್ಕೆ ಸಾಕಾಗಬಹುದು, ಆದ್ದರಿಂದ ಒಂದೇ ಊರಿಗೆ ಟಿಕೆಟ್ ಎಂದುಕೊಂಡು ಕೂರಬೇಡಿ. ಅಂದಹಾಗೆ, ತಂಗಿ, ನಿಮ್ಮ ನವೆಂಬರ್ ಮತ್ತು ಜೂನ್ ಪರೀಕ್ಷೆಗಳಲ್ಲಿ ಆಲಿಸುವಿಕೆ ಮತ್ತು ಮಾತಿಗೆ ಎಷ್ಟೆಷ್ಟು ಬಂದಿತ್ತು?

ಮಂಡ್ಯದ ಸ್ಟಾಫ್ ನರ್ಸ್

ಅಕ್ಕಾ, ನವೆಂಬರಿನಲ್ಲಿ ಆಲಿಸುವಿಕೆ 7.5, ಓದು 6.5, ಬರವಣಿಗೆ 6.5, ಮಾತು 7. ಜೂನ್‌ನಲ್ಲಿ ಆಲಿಸುವಿಕೆ 7.5, ಓದು 7, ಬರವಣಿಗೆ 6, ಮಾತು 7. ಎರಡರಲ್ಲೂ ಒಟ್ಟಾರೆ 7.

ಹೆಬ್ಬಾಳದ ಮೇಲ್ ನರ್ಸ್

ಏಜೆಂಟರ ವಿಷಯ ಯಾರೂ ಮುಟ್ಟಲಿಲ್ಲ, ನನಗೆ ಅದೇ ಮುಖ್ಯವೆನಿಸುತ್ತದೆ. ಸಹೋದರಿ, ಆ ದಾರಿ ಏನೆಂದು ಕೇಳಿದ್ದೀರಾ? ನನಗೂ ಇದೇ ರೀತಿ ಹೇಳಿದ್ದರು. ಮೊದಲು ಕೇರ್ ವರ್ಕರ್ ಆಗಿ ಬ್ರಿಟನ್ನಿಗೆ ಹೋಗಿ, ಅಲ್ಲಿ ಒಂದು ವರ್ಷ ದುಡಿದ ಮೇಲೆ ಮಾಲೀಕರಿಂದ ಪತ್ರ ಪಡೆದು ನೋಂದಣಿ ಮಾಡಿಸಿಕೊಳ್ಳುವುದು ಎಂಬುದು ಅವರ ಮಾತು. ಅದರಲ್ಲಿ ಅರ್ಧ ನಿಜ ಇರುವುದರಿಂದಲೇ ಜನ ನಂಬುತ್ತಾರೆ. 2023ರ ಫೆಬ್ರವರಿಯಿಂದ ಎನ್‌ಎಂಸಿ ಉದ್ಯೋಗದಾತರ ದೃಢೀಕರಣವನ್ನು ಪೂರಕ ಸಾಕ್ಷ್ಯವಾಗಿ ಒಪ್ಪುತ್ತಿರುವುದು ನಿಜ. ಆದರೆ ಅಲ್ಲಿನ ಆರೋಗ್ಯ ಸೇವೆಯಲ್ಲಿ ಆಗಲೇ ಒಂದು ವರ್ಷ ಕೆಲಸ ಮಾಡಿರುವವರಿಗೆ ಮಾತ್ರ ಅದು ಅನ್ವಯಿಸುತ್ತದೆ. ಹೊರದೇಶದಿಂದ ಕೇರ್ ವರ್ಕರ್ ಆಗಿ ಹೊಸದಾಗಿ ಬರುವ ವೀಸಾ ದಾರಿಯನ್ನು ಬ್ರಿಟನ್ ಸರ್ಕಾರ 2025ರ ಜುಲೈ 22ರಿಂದ ಮುಚ್ಚಿಬಿಟ್ಟಿದೆ. ಮುಚ್ಚಿದ ಬಾಗಿಲಿಗೆ ಒಂದೂವರೆ ಲಕ್ಷ ಕೇಳುತ್ತಿದ್ದಾರೆ.

ಇನ್ನೊಂದು ವಿಷಯ. ವಿದೇಶಕ್ಕೆ ನೇಮಕ ಮಾಡುವ ಏಜೆಂಟರು ಕೇಂದ್ರ ಸರ್ಕಾರದಲ್ಲಿ ನೋಂದಣಿಯಾಗಿರಬೇಕು, ಅಭ್ಯರ್ಥಿಯಿಂದ ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ಹೆಸರು ಇದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಬ್ರಿಟನ್ನಿನ ನೇಮಕಾತಿ ಸಂಹಿತೆಯಂತೂ ನರ್ಸ್‌ಗಳಿಂದ ನೇಮಕಾತಿಗೆ ಹಣ ಪಡೆಯಲೇಬಾರದು ಎನ್ನುತ್ತದೆ.

ಮಂಡ್ಯದ ಸ್ಟಾಫ್ ನರ್ಸ್

ಅವರು ಹೇಳಿದ್ದು ಅಕ್ಷರಶಃ ಇದನ್ನೇ. ಹತ್ತು ಸಾವಿರ ಮುಂಗಡ ಕೊಟ್ಟಾಗಿದೆ. ನಾಳೆಯೇ ಹೋಗಿ ವಾಪಸು ಕೇಳುತ್ತೇವೆ.

ಕೆ.ಆರ್. ಪೇಟೆಯ ತಂದೆ

ಒಬ್ಬರೇ ಹೋಗಬೇಡಿ ತಾಯಿ, ರಸೀದಿ ಇಲ್ಲದಿದ್ದರೆ ಫೋನಿನಲ್ಲಿ ಹಣ ಕಳುಹಿಸಿದ ದಾಖಲೆ ತೆಗೆದುಕೊಂಡು ಹೋಗಿ. ಏಜೆಂಟರ ಕೈಗೆ ನಮ್ಮ ಮಕ್ಕಳು ಬೀಳುವುದಕ್ಕೆ ಕಾರಣ ಸರ್ಕಾರ ಏನೂ ಮಾಡದಿರುವುದು. ಕೇರಳದಲ್ಲಿ ಒಡೆಪೆಕ್, ನೋರ್ಕಾ ಎಂದು ವಿದೇಶದ ಕೆಲಸಕ್ಕೆ ಕಳುಹಿಸುವ ಸರ್ಕಾರದ್ದೇ ಸಂಸ್ಥೆಗಳಿವೆ.

ಹೆಬ್ಬಾಳದ ಮೇಲ್ ನರ್ಸ್

ನಮ್ಮಲ್ಲಿಯೂ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ, ಸರ್. ಮಂಡ್ಯದ ಹಳ್ಳಿಯ ನರ್ಸಿಂಗ್ ವಿದ್ಯಾರ್ಥಿನಿಗೆ ಅದರ ಹೆಸರು ತಲುಪುವ ಮೊದಲೇ ಏಜೆಂಟರ ವಾಟ್ಸಾಪ್ ಸಂದೇಶ ತಲುಪಿರುತ್ತದೆ ಎಂಬುದೇ ದುಃಖ. ಮೂರನೆಯ ವರ್ಷದಲ್ಲಿಯೇ ಪ್ರತಿ ಕಾಲೇಜಿನಲ್ಲೂ ವಾರಕ್ಕೆ ಎರಡು ಗಂಟೆ ರೋಗಿಯೊಂದಿಗೆ ಇಂಗ್ಲಿಷಿನಲ್ಲಿ ಮಾತನಾಡುವ ಅಭ್ಯಾಸ ಮಾಡಿಸಿದರೆ ಈ ಕೋಚಿಂಗ್‌ನ ಅರ್ಧ ಖರ್ಚು ಉಳಿಯುತ್ತದೆ.

ಪಾಂಡವಪುರದ ಅಣ್ಣ

ಮೊದಲು ಇಲ್ಲೇ ಸಂಬಳ ಸರಿಮಾಡಲಿ. ನಮ್ಮ ಜಿಲ್ಲಾಸ್ಪತ್ರೆಯಲ್ಲಿ ಒಬ್ಬ ನರ್ಸ್ ಎಷ್ಟು ಹಾಸಿಗೆ ನೋಡಿಕೊಳ್ಳುತ್ತಾರೆ ಎಂಬುದನ್ನು ಅಮ್ಮನ ಜೊತೆ ಹತ್ತು ದಿನ ಇದ್ದು ಕಣ್ಣಾರೆ ಕಂಡಿದ್ದೇನೆ. ಇಲ್ಲಿ ಕಲಿತ ಕೈಗಳೆಲ್ಲ ಹೊರಗೆ ಹೋದರೆ ನಮ್ಮ ತಾಯಂದಿರನ್ನು ಯಾರು ನೋಡುವುದು?

ಸರಸ್ವತಿಪುರಂನ ನಿವೃತ್ತ ಮೇಲ್ವಿಚಾರಕಿ

ನಿಮ್ಮ ಪ್ರಶ್ನೆ ದೊಡ್ಡದು, ನನಗೂ ರಾತ್ರಿ ಕಾಡುವಂಥದ್ದು. ಆದರೆ ಅದರ ಉತ್ತರವನ್ನು ಬಳೆ ಅಡ ಇಟ್ಟಿರುವ ಈ ಹುಡುಗಿಯಿಂದ ಕೇಳಬೇಡಿ, ನೇಮಕಾತಿ ಮಾಡದವರಿಂದ ಕೇಳಿ. ಈ ಚರ್ಚೆ ಅವಳ ಪ್ರಶ್ನೆಗೆ ಮೀಸಲಾಗಿರಲಿ.

ಕಾರ್ಕ್‌ನಲ್ಲಿರುವ ಮಳವಳ್ಳಿಯವಳು

ತಂಗಿ, ಡ್ಯೂಟಿ ಮುಗಿಸಿ ಬಂದು ನಿಮ್ಮ ಅಂಕಗಳನ್ನು ಕಾಗದದ ಮೇಲೆ ಬರೆದುಕೊಂಡು ನೋಡಿದೆ. ಗಮನವಿಟ್ಟು ಓದಿ. ಎನ್‌ಎಂಸಿ ಎರಡು ಪರೀಕ್ಷೆಗಳ ಅಂಕಗಳನ್ನು ಕೂಡಿಸಿ ನೋಡಲು ಒಪ್ಪುತ್ತದೆ. ಎರಡೂ ಸಲ ನಾಲ್ಕೂ ವಿಭಾಗಗಳನ್ನು ಬರೆದಿರಬೇಕು. ಎರಡೂ ಸಲ ಆಲಿಸುವಿಕೆ, ಓದು, ಮಾತಿನಲ್ಲಿ 6.5ಕ್ಕಿಂತ ಕಡಿಮೆ ಇರಬಾರದು, ಬರವಣಿಗೆಯಲ್ಲಿ 6ಕ್ಕಿಂತ ಕಡಿಮೆ ಇರಬಾರದು. ಎರಡನ್ನೂ ಸೇರಿಸಿದಾಗ ಪ್ರತಿಯೊಂದು ವಿಭಾಗದಲ್ಲೂ ಬೇಕಾದ ಅಂಕ ಒಂದು ಸಲವಾದರೂ ಬಂದಿರಬೇಕು. ನಿಮಗೆ ಬರವಣಿಗೆಯ 6.5 ನವೆಂಬರಿನಲ್ಲಿ ಬಂದಿದೆ, ಓದಿನ 7 ಜೂನ್‌ನಲ್ಲಿ ಬಂದಿದೆ, ಉಳಿದೆರಡು ಎರಡೂ ಸಲ ಸರಿಯಾಗಿವೆ. ಯಾವುದೂ ಕನಿಷ್ಠ ಮಿತಿಗಿಂತ ಕೆಳಗೆ ಬಿದ್ದಿಲ್ಲ. ನನ್ನ ಲೆಕ್ಕ ಸರಿಯಾಗಿದ್ದರೆ ನೀವು ನಾಲ್ಕನೆಯ ಸಲ ಯಾವ ಪರೀಕ್ಷೆಯನ್ನೂ ಬರೆಯಬೇಕಾಗಿಲ್ಲ.

ಮಂಡ್ಯದ ಸ್ಟಾಫ್ ನರ್ಸ್

ಅಕ್ಕಾ, ಕೂಡಿಸುವ ವಿಷಯ ನಾನು ಕೋಚಿಂಗ್‌ನಲ್ಲಿ ಕೇಳಿದ್ದೆ. ಎರಡು ಪರೀಕ್ಷೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು, ನಿಮಗೆ ಏಳು ತಿಂಗಳಾಗಿದೆ, ಆಗುವುದಿಲ್ಲ ಎಂದರು.

ಕುವೆಂಪುನಗರದ ಬೋಧಕ

ಆರು ತಿಂಗಳು ಎಂಬುದು ಹಳೆಯ ನಿಯಮ. 2023ರ ಫೆಬ್ರವರಿಯಲ್ಲಿ ಮಾಡಿದ ಬದಲಾವಣೆಗಳಲ್ಲಿಯೇ ಆ ಅವಧಿಯನ್ನು ಹನ್ನೆರಡು ತಿಂಗಳಿಗೆ ವಿಸ್ತರಿಸಿದರು. ಮಳವಳ್ಳಿಯ ಸಹೋದರಿಯ ಲೆಕ್ಕ ಸರಿಯಾಗಿದೆ. ನಾನು ಮೊದಲ ಪ್ರತಿಕ್ರಿಯೆಯಲ್ಲಿಯೇ ನಿಮ್ಮ ಅಂಕಗಳನ್ನು ಕೇಳಬೇಕಿತ್ತು, ಕೇಳದೆ ಒಇಟಿಯ ಪಾಠ ಹೇಳಿದೆ, ಅದಕ್ಕೆ ಕ್ಷಮೆ ಇರಲಿ. ನಮ್ಮ ವೃತ್ತಿಯಲ್ಲಿರುವವರು ನಿಯಮವನ್ನು ವರ್ಷಕ್ಕೆ ಎರಡು ಸಲವಾದರೂ ಮೂಲದಲ್ಲೇ ಓದಬೇಕು. ನೀವೂ ನಮ್ಮಿಬ್ಬರ ಮಾತನ್ನು ನಂಬಿ ಸುಮ್ಮನಾಗದೆ ಎನ್‌ಎಂಸಿ ಜಾಲತಾಣದ ಭಾಷಾ ಮಾರ್ಗಸೂಚಿಯನ್ನು ತೆರೆದು, ಪ್ರಮಾಣಪತ್ರಗಳ ಮೇಲಿನ ದಿನಾಂಕವನ್ನು ಇಟ್ಟುಕೊಂಡು ಓದಿ ನೋಡಿ. ಪ್ರಮಾಣಪತ್ರಕ್ಕೆ ಎರಡು ವರ್ಷದ ಅವಧಿ ಇರುವುದರಿಂದ ಅರ್ಜಿಯನ್ನು ತಡಮಾಡಬೇಡಿ.

ಮಂಡ್ಯದ ಸ್ಟಾಫ್ ನರ್ಸ್

ಯಜಮಾನರು ಬೀರುವಿನಿಂದ ಎರಡೂ ಪ್ರಮಾಣಪತ್ರ ತೆಗೆದು ಊಟದ ತಟ್ಟೆ ಸರಿಸಿ ಪಕ್ಕಪಕ್ಕ ಇಟ್ಟರು. ಮಾರ್ಗಸೂಚಿಯನ್ನು ನಾನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದೆ, ಅವರು ಪೆನ್ಸಿಲಿನಲ್ಲಿ ಗುರುತು ಹಾಕಿದರು. ಎರಡು ಸಲ ನೋಡಿದೆವು. ಅಕ್ಕ ಹೇಳಿದಂತೆಯೇ ಇದೆ. ಜೂನ್‌ನಿಂದ ಇದು ನನ್ನ ಬೀರುವಿನಲ್ಲೇ ಇತ್ತು. ಇನ್ನೇನು ಬರೆಯಬೇಕೋ ತೋಚುತ್ತಿಲ್ಲ.

ಲೀಡ್ಸ್‌ನಲ್ಲಿರುವ ಮೈಸೂರಿನವಳು

ತುಂಬ ಸಂತೋಷವಾಯಿತು ಕಣಮ್ಮ. ಆದರೆ ಇದು ಮೊದಲ ಬಾಗಿಲು ಎಂಬುದು ನೆನಪಿರಲಿ. ಮುಂದೆ ಸಿಬಿಟಿ ಎಂಬ ಕಂಪ್ಯೂಟರ್ ಪರೀಕ್ಷೆ ಇದೆ, ಅದರಲ್ಲಿ ಔಷಧ ಪ್ರಮಾಣದ ಲೆಕ್ಕ ಒಂದು ಭಾಗ, ನರ್ಸಿಂಗ್ ವಿಷಯ ಇನ್ನೊಂದು ಭಾಗ. ಇಲ್ಲಿಗೆ ಬಂದ ಮೇಲೆ ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ ಇದೆ, ಹತ್ತು ಸ್ಟೇಷನ್‌ಗಳಲ್ಲಿ ಕೈಯಾರೆ ಮಾಡಿ ತೋರಿಸಬೇಕು. ಇನ್ನೊಂದನ್ನು ಮುಚ್ಚಿಡದೆ ಹೇಳುತ್ತೇನೆ, ಇಲ್ಲಿನ ಸರ್ಕಾರಿ ಆಸ್ಪತ್ರೆಗಳು ಕೆಲವು ವರ್ಷಗಳ ಹಿಂದೆ ತೆಗೆದುಕೊಂಡಷ್ಟು ವಿದೇಶಿ ನರ್ಸ್‌ಗಳನ್ನು ಈಗ ತೆಗೆದುಕೊಳ್ಳುತ್ತಿಲ್ಲ. ಕೆಲಸದ ಆದೇಶ ಕೈಗೆ ಬರುವವರೆಗೆ ಅಲ್ಲಿನ ನೌಕರಿ ಬಿಡಬೇಡಿ, ಇನ್ನೊಂದು ಸಾಲವನ್ನೂ ಮಾಡಬೇಡಿ.

ಮಂಡ್ಯದ ಸ್ಟಾಫ್ ನರ್ಸ್

ಬಿಡುವುದಿಲ್ಲ ಅಕ್ಕಾ. ನೋಂದಣಿ ದೃಢೀಕರಣಕ್ಕೆ ಏನೇನು ಬೇಕೆಂದು ಬೆಂಗಳೂರಿನ ನಮ್ಮ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ವಿಚಾರಿಸಲು ಸೋಮವಾರ ರಜೆ ಹಾಕಿದ್ದೇನೆ. ಏಜೆಂಟರು ಹತ್ತರಲ್ಲಿ ಆರು ಸಾವಿರ ಹಿಂದಿರುಗಿಸಿದ್ದಾರೆ, ಉಳಿದದ್ದಕ್ಕೆ ಬುಧವಾರ ಬನ್ನಿ ಎಂದಿದ್ದಾರೆ. ಮೇಲ್ವಿಚಾರಕಿ ಮೇಡಂ, ಪರೀಕ್ಷೆ ಬೇಡವಾದರೂ ನಿಮ್ಮ ಭಾನುವಾರದ ಅಭ್ಯಾಸಕ್ಕೆ ನಾನು ಬರಬಹುದೇ? ವಾಟರ್‌ವರ್ಕ್ಸ್ ಎಂದರೆ ಏನೆಂದು ನನಗೂ ಇಂದೇ ತಿಳಿದದ್ದು.

ನಾಗಮಂಗಲದ ಜಿಎನ್‌ಎಂ

ನನಗೂ ಅವಕಾಶ ಕೊಡಿ ಮೇಡಂ. ನನ್ನ ಒಇಟಿ ಮುಂದಿನ ತಿಂಗಳು.

ಸರಸ್ವತಿಪುರಂನ ನಿವೃತ್ತ ಮೇಲ್ವಿಚಾರಕಿ

ಇಬ್ಬರೂ ಬನ್ನಿ. ಬೆಳಿಗ್ಗೆ ಹತ್ತು ಗಂಟೆಗೆ, ತಿಂಡಿ ಇಲ್ಲೇ ಆಗುತ್ತದೆ. ನಾಗಮಂಗಲದವರು ಕೈಯಲ್ಲಿ ಬರೆದ ಒಂದು ಪತ್ರ ತನ್ನಿ, ಬೋಧಕರು ಒಪ್ಪಿದರೆ ಅವರಿಗೂ ತೋರಿಸೋಣ. ಮಂಡ್ಯದವರು ನಿಮ್ಮ ವಾರ್ಡಿನಲ್ಲಿ ನಿಮಗೆ ಮರೆಯಲಾಗದ ಒಬ್ಬ ರೋಗಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬನ್ನಿ. ಅವರ ಪಾತ್ರ ನಾನು ಮಾಡುತ್ತೇನೆ.